ಕರ್ನಲ್ ಒಳಗಿನ ಫೈಲ್ ಸರ್ವರ್ ಕುಸಿದಾಗ: ನಲ್ ಪಾಯಿಂಟರ್ ದೋಷದ ಮೂಲವನ್ನು ಹುಡುಕುವ ಕ್ರಮ

ಒಂದು ಯಂತ್ರದಲ್ಲಿರುವ ಕಡತಗಳನ್ನು ಹಲವು ಕಂಪ್ಯೂಟರುಗಳು ಜಾಲದ ಮೂಲಕ ತಮ್ಮದೇ ಡಿಸ್ಕಿನಲ್ಲಿರುವಂತೆ ಬಳಸಲು ಅನುವು ಮಾಡಿಕೊಡುವ ವ್ಯವಸ್ಥೆಗೆ ಫೈಲ್ ಸರ್ವರ್ ಎಂದು ಹೆಸರು. ಲಿನಕ್ಸ್‌ನಲ್ಲಿ ಈ ಕೆಲಸ ಎರಡು ಬಗೆಯಲ್ಲಿ ನಡೆಯುತ್ತದೆ. ಸಾಂಬಾ ಎಂಬ ತಂತ್ರಾಂಶವು ಸಾಮಾನ್ಯ ಪ್ರೋಗ್ರಾಮಿನ ಹಾಗೆ ಕರ್ನಲ್‌ನ ಹೊರಗೆ ಓಡುತ್ತದೆ. ಎನ್‌ಎಫ್‌ಎಸ್‌ಡಿ ಹಾಗೂ 2021ರಲ್ಲಿ 5.15ನೆಯ ಆವೃತ್ತಿಯೊಂದಿಗೆ ಸೇರಿದ ಕೆಎಸ್‌ಎಂಬಿಡಿ ಎಂಬ ಸರ್ವರುಗಳು, ಮೆಮೊರಿಯನ್ನೂ ಯಂತ್ರಾಂಶವನ್ನೂ ನೇರವಾಗಿ ನಿಯಂತ್ರಿಸುವ ಕರ್ನಲ್‌ನ ಒಳಗೇ ಓಡುತ್ತವೆ. ಹೊರಗಿನ ಪ್ರೋಗ್ರಾಂ ಕುಸಿದರೆ ಅದನ್ನು ಮತ್ತೆ ಚಾಲನೆ ಮಾಡಿದರೆ ಸಾಕಾಗುತ್ತದೆ, ಆದರೆ ಒಳಗಿನದು ಕುಸಿದಾಗ ಇಡೀ ಯಂತ್ರದ ಸ್ಥಿತಿಯನ್ನೇ ನಂಬಲಾಗದಂತಾಗುತ್ತದೆ. ಇಂತಹ ಕುಸಿತಗಳಿಗೆ ಪದೇ ಪದೇ ಕಾರಣವಾಗುವುದು ನಲ್ ಪಾಯಿಂಟರ್ ದೋಷ.

ಪಾಯಿಂಟರ್ ಎಂದರೆ ಮೆಮೊರಿಯ ಒಂದು ಜಾಗದ ವಿಳಾಸವನ್ನು ಹಿಡಿದಿಟ್ಟುಕೊಂಡ ಚಲಕ. ಅದರಲ್ಲಿ ಸೊನ್ನೆಯಿದ್ದರೆ ಅದು ಯಾವ ಜಾಗವನ್ನೂ ಸೂಚಿಸದ ನಲ್ ಪಾಯಿಂಟರ್. ಪಹಣಿಯಲ್ಲಿ ಸರ್ವೆ ನಂಬರಿನ ಕಲಂ ಖಾಲಿ ಉಳಿದಿರುವಾಗ ಜಮೀನನ್ನು ಅಳೆಯಲು ಹೊರಟರೆ ಹೇಗೋ, ಸೊನ್ನೆಯ ವಿಳಾಸದಿಂದ ಮಾಹಿತಿ ಓದಲು ಹೊರಟ ಪ್ರೊಸೆಸರ್ ಕೂಡ ಅಲ್ಲಿಗೇ ನಿಲ್ಲುತ್ತದೆ. ಕಲಂ ಖಾಲಿ ಬಿಟ್ಟವರು ಯಾರು ಎಂಬುದು ಬೇರೆಯೇ ಪ್ರಶ್ನೆಯಾಗಿದ್ದು, ಕುಸಿತದ ತನಿಖೆ ಕೊನೆಗೆ ತಲುಪಬೇಕಾದದ್ದು ಆ ಪ್ರಶ್ನೆಯನ್ನೇ.

ಹೊಳಲ್ಕೆರೆ ತಾಲ್ಲೂಕಿನ ತಾಳ್ಯದಂತಹ ಹೋಬಳಿ ಕೇಂದ್ರದ ಶಾಲೆಯಲ್ಲೋ ಕಚೇರಿಯಲ್ಲೋ ಹಳೆಯ ಡೆಸ್ಕ್‌ಟಾಪ್ ಒಂದನ್ನೇ ಲಿನಕ್ಸ್ ಸರ್ವರ್ ಮಾಡಿಕೊಂಡಿದ್ದರೆ, ಈ ತನಿಖೆಯನ್ನು ಅಲ್ಲಿಯ ನಿರ್ವಾಹಕರೇ ನಡೆಸಬಹುದು. ಇದಕ್ಕೆ ಬೇಕಾದ ಸಾಧನಗಳೆಲ್ಲ ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ ಎರಡು ಮುಖ್ಯ ಸಾಧನಗಳು ಬೆಂಗಳೂರಿನಲ್ಲೇ ಬಹುಮಟ್ಟಿಗೆ ರೂಪುಗೊಂಡವು ಎಂಬುದು ಕನ್ನಡ ಓದುಗರು ಅಭಿಮಾನದಿಂದ ತಿಳಿದಿರಬೇಕಾದ ಸಂಗತಿ. ಕುಸಿದ ಕರ್ನಲ್‌ನ ಮೆಮೊರಿಯನ್ನು ಉಳಿಸಿಕೊಡುವ ಕೆಡಂಪ್ ವ್ಯವಸ್ಥೆಯ ಮೇಲೆ ಓಡುತ್ತಿರುವ ಕರ್ನಲ್‌ನಿಂದಲೇ ಇನ್ನೊಂದನ್ನು ಬೂಟ್ ಮಾಡುವ, ಎರಿಕ್ ಬೀಡರ್‌ಮನ್ ಅವರ ಕೆಎಕ್ಸೆಕ್ ಅನ್ನು ಆಧರಿಸಿ ಐಬಿಎಂ ಸಂಸ್ಥೆಯ ವಿವೇಕ್ ಗೋಯಲ್, ಹರಿಪ್ರಸಾದ್ ನೆಲ್ಲಿತೀರ್ಥ ಮೊದಲಾದವರು ದುಡಿದರು, ಮತ್ತು ಅದು 2005ರ 2.6.13ನೆಯ ಆವೃತ್ತಿಯಲ್ಲಿ ಕರ್ನಲ್ ಸೇರಿತು. ಓಡುತ್ತಿರುವ ಕರ್ನಲ್‌ನ ಬಹುತೇಕ ಯಾವುದೇ ಫಂಕ್ಷನ್ನಿಗೆ ತನಿಖಾ ಬಿಂದುವನ್ನು ಹಾಕಲು ನೆರವಾಗುವ ಕೆಪ್ರೋಬ್ಸ್ ಸೌಲಭ್ಯದ ಹಿಂದೆ ಪ್ರಸನ್ನ ಪಂಚಮುಖಿ, ಅನಂತ್ ಮಾವಿನಕಾಯನಹಳ್ಳಿ ಅವರಂತಹವರ ಶ್ರಮವಿದೆ. ಅದು 2004ರಿಂದಲೇ ಬಳಕೆಯಲ್ಲಿದೆ.

ಮೊದಲ ಹೆಜ್ಜೆಯನ್ನು ಕುಸಿತಕ್ಕೆ ಮುಂಚೆಯೇ ಇಡಬೇಕು, ಏಕೆಂದರೆ ಯಂತ್ರವನ್ನು ಆಫ್ ಮಾಡಿ ಆನ್ ಮಾಡಿದೊಡನೆ ಮೆಮೊರಿಯಲ್ಲಿದ್ದ ಸಾಕ್ಷ್ಯವೆಲ್ಲ ಅಳಿಸಿಹೋಗುತ್ತದೆ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಕೆಡಂಪ್-ಟೂಲ್ಸ್ ಎಂಬ ಪ್ಯಾಕೇಜನ್ನು ಹಾಕಿಕೊಂಡು, ಬೂಟ್ ಆಗುವಾಗ ಕರ್ನಲ್‌ಗೆ ಕೊಡುವ ಸೂಚನೆಗಳಲ್ಲಿ ಕ್ರ್ಯಾಶ್‌ಕರ್ನಲ್ ಎಂಬುದಕ್ಕೆ ಯಂತ್ರದ ಮೆಮೊರಿಗೆ ತಕ್ಕ ಬೆಲೆಯನ್ನು, ಉದಾಹರಣೆಗೆ 256 ಎಂಬಿಯನ್ನು, ಮೀಸಲಿಡಬೇಕು. ಮೂಲ ಕರ್ನಲ್ ಕುಸಿದಾಗ ಈ ಮೀಸಲು ಜಾಗದಲ್ಲಿರುವ ಎರಡನೆಯ ಸಣ್ಣ ಕರ್ನಲ್ ಎದ್ದು, ಮೊದಲನೆಯದರ ಮೆಮೊರಿಯನ್ನು ಡಿಸ್ಕಿಗೆ ಬರೆದಿಡುತ್ತದೆ. ನಲ್ ಪಾಯಿಂಟರ್ ದೋಷ ಸಂಭವಿಸಿದಾಗ ಕರ್ನಲ್ ಬಹಳ ಸಲ ಇಡೀ ಯಂತ್ರವನ್ನು ನಿಲ್ಲಿಸದೆ, ಊಪ್ಸ್ ಎಂಬ ದೋಷವರದಿಯನ್ನು ಮುದ್ರಿಸಿ, ಆ ಕೆಲಸ ಮಾಡುತ್ತಿದ್ದ ಥ್ರೆಡ್ಡನ್ನು ಮಾತ್ರ ಕೊಂದು ಮುಂದುವರಿಯುತ್ತದೆ. ಸತ್ತ ಥ್ರೆಡ್ ಹಿಡಿದಿದ್ದ ಬೀಗಗಳು ಹಾಗೆಯೇ ಉಳಿದು, ಉಳಿದ ಥ್ರೆಡ್‌ಗಳು ಅವುಗಳಿಗಾಗಿ ಕಾಯುತ್ತ ನಿಂತುಬಿಡುವುದರಿಂದ, ಬಳಕೆದಾರರಿಗೆ ಸರ್ವರ್ ಕಾರಣವಿಲ್ಲದೆ ಸ್ತಬ್ಧವಾದಂತೆ ಕಾಣುತ್ತದೆ. ಆದ್ದರಿಂದ ಪ್ಯಾನಿಕ್-ಆನ್-ಊಪ್ಸ್ ಎಂಬ ಆಯ್ಕೆಗೆ 1 ಎಂದು ಕೊಟ್ಟರೆ ಮೊದಲ ಊಪ್ಸ್‌ನಲ್ಲೇ ಕೆಡಂಪ್ ಕೆಲಸ ಆರಂಭಿಸುತ್ತದೆ. ಇಷ್ಟೆಲ್ಲ ಸಾಧ್ಯವಿಲ್ಲದ ಯಂತ್ರದಲ್ಲಿ ನೆಟ್‌ಕನ್ಸೋಲ್ ಮೂಲಕ ಕರ್ನಲ್ ಸಂದೇಶಗಳನ್ನು ಪಕ್ಕದ ಇನ್ನೊಂದು ಕಂಪ್ಯೂಟರಿಗೆ ಕಳಿಸುವಂತೆ ಮಾಡಿದರೂ ಸಾಕು.

ಕುಸಿತದ ನಂತರದ ಹೆಜ್ಜೆ ವರದಿಯನ್ನು ಓದುವುದು. ತಾಳ್ಮೆ ಹೆಚ್ಚು ಬೇಕಾಗುವುದು ಇಲ್ಲಿಯೇ. ವರದಿಗಳು ಹಲವಿದ್ದರೆ ಕಾಲಾನುಕ್ರಮದಲ್ಲಿ ಮೊದಲನೆಯದನ್ನೇ ಹಿಡಿಯಬೇಕು, ಏಕೆಂದರೆ ಮುಂದಿನವು ಆಗಲೇ ಕೆಟ್ಟ ಸ್ಥಿತಿಯ ಪರಿಣಾಮಗಳಾಗಿರಬಹುದು. ಟೇಂಟೆಡ್ ಎಂಬ ಪದದ ಮುಂದಿನ ಅಕ್ಷರಗಳಲ್ಲಿ 'ಡಿ' ಇದ್ದರೆ ಹಿಂದೆಯೇ ಒಂದು ಊಪ್ಸ್ ಆಗಿದೆ ಎಂದೂ, 'ಓ' ಇದ್ದರೆ ಕರ್ನಲ್ ಮೂಲದ ಹೊರಗಿನ ಮಾಡ್ಯೂಲ್ ಒಂದು ಸೇರಿದೆ ಎಂದೂ ಅರ್ಥ. ಅನಂತರ ನೋಡಬೇಕಾದದ್ದು ದೋಷ ಸಂಭವಿಸಿದ ವಿಳಾಸ. ಅದು ಪೂರ್ಣ ಸೊನ್ನೆಯಾಗಿರದೆ, ಹದಿನಾರರ ಮಾನದಲ್ಲಿ 78 ಎಂಬಂತಹ ಸಣ್ಣ ಸಂಖ್ಯೆಯಾಗಿದ್ದರೆ, ಹಲವು ಅಂಶಗಳನ್ನು ಒಟ್ಟಾಗಿ ಇಟ್ಟುಕೊಳ್ಳುವ ಸ್ಟ್ರಕ್ಚರ್ ಒಂದರ ಆರಂಭದಿಂದ 120 ಬೈಟ್ ದೂರದಲ್ಲಿರುವ ಅಂಶವನ್ನು ಓದಲು ಯತ್ನಿಸಿದಾಗ ಆ ಸ್ಟ್ರಕ್ಚರಿನ ಪಾಯಿಂಟರ್ ನಲ್ ಆಗಿತ್ತು ಎಂದು ಊಹಿಸಬಹುದು. ಯಾವ ಸ್ಟ್ರಕ್ಚರಿನಲ್ಲಿ ಯಾವ ಅಂಶ ಎಷ್ಟು ದೂರದಲ್ಲಿದೆ ಎಂಬುದನ್ನು ಪಹೋಲ್ ಎಂಬ ಸಾಧನ ತೋರಿಸುತ್ತದೆ. ವಿಳಾಸವು ಮೆಮೊರಿಯ ತುತ್ತತುದಿಯ ಸಮೀಪದ್ದಾಗಿದ್ದರೆ ಅದು ನಲ್ ಅಲ್ಲ, ದೋಷಸಂಖ್ಯೆಯನ್ನು ಪಾಯಿಂಟರಿನ ವೇಷದಲ್ಲಿ ಹಿಂತಿರುಗಿಸಿದ ಫಂಕ್ಷನ್ನಿನ ಉತ್ತರವನ್ನು ಪರೀಕ್ಷಿಸದೆ ಬಳಸಿದ್ದರ ಫಲವಾಗಿರಬಹುದು. 6ಬಿ ಎಂಬ ಬೈಟ್ ಮತ್ತೆ ಮತ್ತೆ ಕಾಣುತ್ತಿದ್ದರೆ ಬಿಟ್ಟುಕೊಟ್ಟ ಮೆಮೊರಿಯನ್ನು ಮರಳಿ ಬಳಸಿದ ಶಂಕೆ ಬಲವಾಗುತ್ತದೆ. ಈ ಮೂರೂ ಕುಸಿತಗಳು ಹೊರನೋಟಕ್ಕೆ ಒಂದೇ ರೀತಿ ಕಂಡರೂ ಅವುಗಳ ಪರಿಹಾರ ಬೇರೆ ಬೇರೆ.

ಆರ್‌ಐಪಿ ಎಂಬ ಸಾಲು, ಪ್ರೊಸೆಸರ್ ಯಾವ ಫಂಕ್ಷನ್ನಿನ ಎಷ್ಟನೆಯ ಬೈಟಿನಲ್ಲಿ ನಿಂತಿತು ಎಂಬುದನ್ನು ಹೇಳುತ್ತದೆ. ಅದೇ ಕರ್ನಲ್‌ನ ಡೀಬಗ್ ಮಾಹಿತಿಯುಳ್ಳ ಕಡತವನ್ನು ತರಿಸಿಕೊಂಡು, ಕರ್ನಲ್ ಮೂಲದಲ್ಲಿಯೇ ದೊರೆಯುವ ಎಫ್‌ಎಡಿಡಿಆರ್2ಲೈನ್ ಎಂಬ ಸ್ಕ್ರಿಪ್ಟಿಗೆ ಈ ಜೋಡಿಯನ್ನು ಕೊಟ್ಟರೆ, ಮೂಲ ಸಂಕೇತದ ಕಡತ ಮತ್ತು ಸಾಲಿನ ಸಂಖ್ಯೆ ದೊರೆಯುತ್ತದೆ. ಆವೃತ್ತಿ ಒಂದಿಷ್ಟು ಬೇರೆಯಾದರೂ ಉತ್ತರ ದಾರಿ ತಪ್ಪಿಸುತ್ತದೆ. ವರದಿಯಲ್ಲಿ ಆರ್‌ಐಪಿ ಸಾಲಿನ ಕೆಳಗಿರುವ ಕಾಲ್ ಟ್ರೇಸ್, ಅಂದರೆ ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿಯನ್ನು, ಕೆಳಗಿನಿಂದ ಮೇಲಕ್ಕೆ ಓದಬೇಕು; ಪ್ರಶ್ನಾರ್ಥಕ ಚಿಹ್ನೆಯುಳ್ಳ ಸಾಲುಗಳನ್ನು ನಂಬುವಂತಿಲ್ಲ. ಕೆಡಂಪ್ ಉಳಿಸಿದ ಕಡತವಿದ್ದರೆ ಕ್ರ್ಯಾಶ್ ಎಂಬ ಪ್ರೋಗ್ರಾಮಿನಿಂದ ಅದನ್ನು ತೆರೆದು, ಆ ಕ್ಷಣದಲ್ಲಿ ಉಳಿದ ಥ್ರೆಡ್‌ಗಳು ಏನು ಮಾಡುತ್ತಿದ್ದವು ಎಂಬುದನ್ನೂ ನೋಡಬಹುದು. ಒಂದು ಥ್ರೆಡ್ ಸಂಪರ್ಕವನ್ನು ಮುಚ್ಚುತ್ತಿರುವಾಗಲೇ ಇನ್ನೊಂದು ಅದನ್ನು ಬಳಸುತ್ತಿದ್ದ ಸಂದರ್ಭಗಳು ಹೀಗಲ್ಲದೆ ಬೇರೆ ದಾರಿಯಿಂದ ಗೊತ್ತಾಗುವುದು ಕಷ್ಟ. ವಿದ್ಯುತ್ ಹೋಗಿ ಬಂದಾಗ ಕೊಠಡಿಯ ಕಂಪ್ಯೂಟರುಗಳೆಲ್ಲ ಒಟ್ಟಿಗೆ ಸರ್ವರಿಗೆ ಮರುಸಂಪರ್ಕಕ್ಕೆ ಮುಗಿಬೀಳುವ ಊರುಗಳಲ್ಲಿ ಈ ಬಗೆಯ ಸ್ಪರ್ಧಾದೋಷಗಳನ್ನು ವಿಶೇಷವಾಗಿ ಶಂಕಿಸಬೇಕು.

ಕುಸಿದ ಸಾಲು ಸಿಕ್ಕಿದೊಡನೆ ಅಲ್ಲೊಂದು ನಲ್ ಪರೀಕ್ಷೆಯನ್ನು ಸೇರಿಸಿ ಕೆಲಸ ಮುಗಿಯಿತೆನ್ನುವುದು ಈ ಕ್ಷೇತ್ರದ ಅತ್ಯಂತ ಅಪಾಯಕಾರಿ ಅಭ್ಯಾಸ. ಕೆಎಸ್‌ಎಂಬಿಡಿಯಲ್ಲಿ 2023ರಲ್ಲಿ ಸರಿಪಡಿಸಲಾದ, ಸಿವಿಇ-2023-3866 ಎಂದು ದಾಖಲಾಗಿರುವ ದೋಷವು ಇದನ್ನು ಚೆನ್ನಾಗಿ ತೋರಿಸಿಕೊಡುತ್ತದೆ. ಕೆಎಸ್‌ಎಂಬಿಡಿ ಬಳಸುವ ಎಸ್‌ಎಂಬಿ ಎಂಬ ಕಡತ ಹಂಚಿಕೆಯ ಶಿಷ್ಟಾಚಾರದಲ್ಲಿ ಹಲವು ಕೋರಿಕೆಗಳನ್ನು ಸರಪಳಿಯಂತೆ ಪೋಣಿಸಿ ಒಂದೇ ಸಂದೇಶದಲ್ಲಿ ಕಳಿಸಲು ಅವಕಾಶವಿದೆ, ಮತ್ತು ಪ್ರತಿಯೊಂದು ಕೋರಿಕೆಯ ಸೆಷನ್ ಗುರುತನ್ನೂ, ಹಂಚಿಕೊಂಡ ಫೋಲ್ಡರಿನೊಂದಿಗಿನ ಸಂಪರ್ಕವನ್ನು ಸೂಚಿಸುವ ಟ್ರೀ ಗುರುತನ್ನೂ ಸರ್ವರ್ ಪರಿಶೀಲಿಸಬೇಕು. ಆದರೆ ಈ ಪರಿಶೀಲನೆ ಸರಪಳಿಯ ಮೊದಲ ಕೋರಿಕೆಯ ಶಿರೋಭಾಗವನ್ನಷ್ಟೇ ನೋಡುತ್ತಿತ್ತು. ಮೊದಲನೆಯದು ಸರ್ವರ್ ಸ್ಪಂದಿಸುತ್ತಿದೆಯೇ ಎಂದಷ್ಟೇ ಕೇಳುವ ಎಕೋ ಕೋರಿಕೆಯಾಗಿದ್ದರೆ ಅದಕ್ಕೆ ಸೆಷನ್ ಗುರುತಾಗಲಿ ಟ್ರೀ ಗುರುತಾಗಲಿ ಬೇಕಿಲ್ಲದ ಕಾರಣ, ಅದರ ಹಿಂದೆ ಬಂದವುಗಳಿಗೂ ಪರಿಶೀಲನೆ ತಪ್ಪಿಹೋಗಿ, ಅವು ಬಳಸುವ ಸೆಷನ್ ಮತ್ತು ಟ್ರೀ ಪಾಯಿಂಟರುಗಳು ನಲ್ ಆಗಿಯೇ ಉಳಿಯುತ್ತಿದ್ದವು. ಸರಿಪಡಿಸಿದವರು ಸರಪಳಿಯಲ್ಲಿ ಸದ್ಯ ನಡೆಯುತ್ತಿರುವ ಕೋರಿಕೆಯ ಶಿರೋಭಾಗವನ್ನೇ ನೋಡುವಂತೆ ಪರಿಶೀಲನೆಯನ್ನು ತಿದ್ದಿದರು. ಕುಸಿತದ ಸಾಲಿನಲ್ಲಷ್ಟೇ ತೇಪೆ ಹಾಕಿದ್ದರೆ ಪರಿಶೀಲನೆಯಿಲ್ಲದೆ ನುಸುಳುವ ದಾರಿ ಹಾಗೆಯೇ ತೆರೆದಿರುತ್ತಿತ್ತು.

ಹೀಗೆ ಹಿಂದಕ್ಕೆ ನಡೆದು ಮೂಲವನ್ನು ತಲುಪಲು ದೋಷವನ್ನು ಬೇಕೆಂದಾಗ ಮರುಕಳಿಸುವಂತೆ ಮಾಡಿಕೊಳ್ಳಬೇಕು. ನಿಜವಾದ ಸರ್ವರಿನಲ್ಲಿ ಈ ಪ್ರಯೋಗ ಸಲ್ಲದು. ಕ್ಯೂಎಮು ವರ್ಚುವಲ್ ಯಂತ್ರದಲ್ಲಿ ಅದೇ ಕರ್ನಲ್ ಹಾಕಿ, ಕುಸಿತದ ಮುನ್ನ ಜಾಲದಲ್ಲಿ ಹರಿದ ಸಂದೇಶಗಳನ್ನು ಟಿಸಿಪಿಡಂಪ್‌ನಿಂದ, ಎಸ್‌ಎಂಬಿಗೆ 445 ಮತ್ತು ಎನ್‌ಎಫ್‌ಎಸ್‌ಗೆ 2049ನೆಯ ಪೋರ್ಟಿನಲ್ಲಿ, ಹಿಡಿದು ಹೋಲಿಸಬೇಕು. ಕೆಎಎಸ್‌ಎಎನ್ ಎಂಬ ಮೆಮೊರಿ ತಪಾಸಣಾ ಸೌಲಭ್ಯವನ್ನು ಸೇರಿಸಿ ಕರ್ನಲ್ ಕಟ್ಟಿದರೆ ವೇಗ ಕುಗ್ಗುತ್ತದೆಯಾದರೂ ಬಿಟ್ಟುಕೊಟ್ಟ ಮೆಮೊರಿಯ ದುರ್ಬಳಕೆ ತಕ್ಷಣ ಬಯಲಾಗುತ್ತದೆ. ಪಾಯಿಂಟರ್ ಯಾವಾಗ ಖಾಲಿಯಾಯಿತೆಂಬುದನ್ನು ಕರ್ನಲ್ ಮರುಕಟ್ಟದೆ ತಿಳಿಯಬೇಕಾದಲ್ಲಿ ಕೆಪ್ರೋಬ್ಸ್ ಒದಗುತ್ತದೆ. ಹಿಂದಿನ ಆವೃತ್ತಿಯಲ್ಲಿ ದೋಷವಿರದೆ ಹೊಸದರಲ್ಲಿ ಕಾಣಿಸಿಕೊಂಡಿದ್ದರೆ ಗಿಟ್ ಬೈಸೆಕ್ಟ್ ಬಳಸಬೇಕು. ಪ್ರತಿ ಪರೀಕ್ಷೆಗೂ ಶಂಕಿತ ಬದಲಾವಣೆಗಳ ಸಂಖ್ಯೆ ಅರ್ಧಕ್ಕೆ ಇಳಿಯುವುದರಿಂದ ಹತ್ತು ಸಾವಿರ ಬದಲಾವಣೆಗಳ ನಡುವೆಯೂ ಸುಮಾರು 14 ಪರೀಕ್ಷೆಗಳಲ್ಲಿ ತಪ್ಪಿತಸ್ಥ ಬದಲಾವಣೆ ಸಿಗುತ್ತದೆ.

ಅಷ್ಟರವರೆಗೆ ಕಚೇರಿಯ ಕೆಲಸ ನಿಲ್ಲದಿರಲು ಬೂಟ್ ಆಗುವಾಗ ಕಾಣುವ ಗ್ರಬ್ ಪಟ್ಟಿಯಿಂದ ಹಳೆಯ ಕರ್ನಲ್ ಆರಿಸಿಕೊಳ್ಳಬಹುದು, ಇಲ್ಲವೇ ಕೆಎಸ್‌ಎಂಬಿಡಿಯ ಬದಲು ಸಾಂಬಾ ಓಡಿಸಬಹುದು.

ದೋಷವನ್ನು ವರದಿ ಮಾಡುವ ಮುನ್ನ ಹೊಸ ಕರ್ನಲ್‌ನಲ್ಲಿ ಅದು ಉಳಿದಿದೆಯೇ ಎಂದು ನೋಡಿ, ಗೆಟ್-ಮೇಂಟೈನರ್ ಸ್ಕ್ರಿಪ್ಟ್ ತೋರಿಸುವ, ಕರ್ನಲ್‌ನ ಆ ಭಾಗದ ನಿರ್ವಾಹಕರಿಗೆ ಮೊದಲ ಊಪ್ಸ್‌ನ ಪೂರ್ಣ ಪಠ್ಯ, ಕರ್ನಲ್ ಆವೃತ್ತಿ ಮತ್ತು ಮರುಕಳಿಸುವ ಕ್ರಮವನ್ನು ಕಳಿಸಬೇಕು. ಮೆಮೊರಿ ಡಂಪನ್ನು ಮಾತ್ರ ಯಾರಿಗೂ ಹಾಗೆಯೇ ಕೊಡಬಾರದು; ಕುಸಿತದ ಹೊತ್ತಿಗೆ ಮೆಮೊರಿಯಲ್ಲಿದ್ದ ವಿದ್ಯಾರ್ಥಿಗಳ ಅಂಕಪಟ್ಟಿ, ಫಲಾನುಭವಿಗಳ ವಿವರ, ಗುಪ್ತಪದಗಳು ಎಲ್ಲವೂ ಅದರಲ್ಲಿರಬಹುದಾದ್ದರಿಂದ, ಅದನ್ನು ಬೀಗವಿರುವ ಕೊಠಡಿಯ ಯಂತ್ರದಲ್ಲೇ ವಿಶ್ಲೇಷಿಸಿ, ತಿದ್ದುಪಡಿ ಬಂದು ಪರೀಕ್ಷೆ ಮುಗಿದ ಮೇಲೆ ಅಳಿಸಬೇಕು.