ಗರ್ಭಿಣಿಯ ಊಟ ಮತ್ತು ಮಗುವಿನ ಮಿದುಳು: ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ

ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಚಾಮರಾಜನಗರವು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಜನರು ಮಿಷನ್ ಆಸ್ಪತ್ರೆಯೆಂದು ಕರೆಯುವ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ತಪಾಸಣೆಗೆ ಬರುವ ಗರ್ಭಿಣಿಯರನ್ನು ಕುರಿತ ದೀರ್ಘಾವಧಿಯ ಅಧ್ಯಯನವೊಂದು ಆರಂಭವಾದದ್ದೂ ಅದೇ ವರ್ಷ. ಗರ್ಭಿಣಿಯರ ರಕ್ತದಲ್ಲಿ ಫೋಲೇಟ್ ಮತ್ತು ಬಿ12 ಜೀವಸತ್ವಗಳ ಪ್ರಮಾಣವನ್ನು ಅಳೆದಿಡಲಾಯಿತು. ಹುಟ್ಟಿದ ಮಕ್ಕಳು ಒಂಬತ್ತು ಹತ್ತು ವರ್ಷದವರಾದಾಗ, ಅವರಲ್ಲಿ 536 ಮಂದಿಯ ನೆನಪಿನ ಶಕ್ತಿ, ಗಮನ, ತರ್ಕ ಮತ್ತು ಮಾತಿನ ಓಘವನ್ನು ಪರೀಕ್ಷಿಸಲಾಯಿತು. ತಾಯಿಯ ರಕ್ತದಲ್ಲಿ ಫೋಲೇಟ್ ಹೆಚ್ಚಿದ್ದಷ್ಟೂ ಮಗುವಿನ ಅಂಕಗಳು ಉತ್ತಮವಾಗಿದ್ದವು. ತಂದೆತಾಯಿಯರ ಓದು, ಮನೆಯ ಸ್ಥಿತಿಗತಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ಸಂಬಂಧ ಉಳಿಯಿತು. ಇದು ಸಂಬಂಧವನ್ನು ತೋರಿಸುವ ಅಧ್ಯಯನವೇ ಹೊರತು ಕಾರಣವನ್ನು ಸಾಧಿಸುವಂಥದ್ದಲ್ಲ. ಆದರೂ ಪರೀಕ್ಷೆಗೆ ಒಳಗಾದವರು ದೂರದೇಶದವರಲ್ಲ, ನಮ್ಮದೇ ನೆರೆಯ ರಾಗಿ, ಅನ್ನ, ಸೊಪ್ಪಿನ ಸಾರು ಉಣ್ಣುವ ಜನ. ಆದುದರಿಂದ ಈ ಜಿಲ್ಲೆಗೆ ಇದರ ಬೆಲೆ ಹೆಚ್ಚು.

ಭ್ರೂಣದ ಮಿದುಳು ಮತ್ತು ಬೆನ್ನುಹುರಿಗೆ ಮೂಲವಾದ ನರನಾಳವು ಗರ್ಭ ನಿಂತ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಆ ವೇಳೆಗೆ ಎಷ್ಟೋ ಹೆಂಗಸರಿಗೆ ತಾವು ಗರ್ಭಿಣಿ ಎಂಬುದೇ ತಿಳಿದಿರುವುದಿಲ್ಲ. ಫೋಲಿಕ್ ಆಮ್ಲದ ಕೊರತೆಯಿದ್ದಲ್ಲಿ ನಾಳವು ಸರಿಯಾಗಿ ಮುಚ್ಚದಿರುವ ಅಪಾಯ ಹೆಚ್ಚುತ್ತದೆ. ತಾಯಿ ಕಾರ್ಡು ಮಾಡಿಸಿದ ಮೇಲೆ ಕೊಡುವ ಮಾತ್ರೆ ಈ ಒಂದು ಕೆಲಸಕ್ಕೆ ತಡವಾದ ಮಾತ್ರೆಯೇ ಸರಿ. ಹದಿಹರೆಯದ ಹೆಣ್ಣುಮಕ್ಕಳಿಗೆ ವಾರಕ್ಕೊಂದರಂತೆ ನೀಡುವ ನೀಲಿ ಮಾತ್ರೆಯನ್ನೂ, ಹೊಸದಾಗಿ ಮದುವೆಯಾಗಿ ಊರಿಗೆ ಬಂದ ಸೊಸೆಯಂದಿರ ಪಟ್ಟಿಯನ್ನೂ ಗರ್ಭಿಣಿ ಆರೈಕೆಯ ಭಾಗವೆಂದೇ ಎಣಿಸಬೇಕಾಗುತ್ತದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ, ಹಾಲೆಂಡಿನಲ್ಲಿ ಕ್ಷಾಮವುಂಟಾದಾಗ ಗರ್ಭ ನಿಂತ ಮಕ್ಕಳಲ್ಲಿ ನರನಾಳದ ದೋಷಗಳೂ, ಮುಂದೆ ಪ್ರಾಯದಲ್ಲಿ ತೀವ್ರ ಮನೋರೋಗವೂ ಹೆಚ್ಚಾಗಿ ಕಂಡುಬಂದವು. ಕೆಲವು ತಿಂಗಳ ಹಸಿವು ಒಂದು ಜೀವಮಾನವನ್ನೇ ಹಿಂಬಾಲಿಸಿತು.

ಫೋಲೇಟ್ ನೀರಿನಲ್ಲಿ ಕರಗುವ ಜೀವಸತ್ವ. ಸೊಪ್ಪು, ಕಾಳು ಬೇಯಿಸಿ ನೀರನ್ನು ಚೆಲ್ಲಿದರೆ ಅದರೊಡನೆ ಫೋಲೇಟೂ ಹೋಗುತ್ತದೆ. ಈ ಭಾಗದ ಬಸ್ಸಾರು ಮತ್ತು ಉಪ್ಪೆಸರು ಆ ಬಸಿದ ನೀರನ್ನೇ ಸಾರಾಗಿಸುತ್ತವೆ. ಪೌಷ್ಟಿಕ ಶಿಬಿರಗಳಲ್ಲಿ ಹೊರಗಿನ ಪುಡಿ, ಡಬ್ಬಿಗಳನ್ನು ಹೊಗಳುವ ಮೊದಲು ಈ ಮಾತನ್ನು ಹೇಳುವುದು ಒಳಿತು. ಅವರೆ, ಹುರುಳಿ, ಹೆಸರುಕಾಳು, ನುಗ್ಗೆಸೊಪ್ಪು ಗುಂಡ್ಲುಪೇಟೆಯ ಯಾವ ಸಂತೆಯಲ್ಲೂ ಅಪರೂಪವಲ್ಲ.

ಅಯೋಡಿನ್ನಿನ ವಿಷಯ ಬೇರೆ. ಗರ್ಭದ ಮೊದಲ ತಿಂಗಳುಗಳಲ್ಲಿ ಮಗುವಿನ ಥೈರಾಯ್ಡ್ ಗ್ರಂಥಿ ಇನ್ನೂ ಸಿದ್ಧವಾಗಿರುವುದಿಲ್ಲ. ಮಿದುಳಿನ ಬೆಳವಣಿಗೆಗೆ ತಾಯಿಯ ಹಾರ್ಮೋನೇ ಆಧಾರ. ಅದಕ್ಕೆ ಅಯೋಡಿನ್ ಬೇಕು, ಅದು ಬರುವುದು ಮುಖ್ಯವಾಗಿ ಉಪ್ಪಿನಿಂದ. ಅಗ್ಗವೆಂದು ತರುವ ಸಾದಾ ಕಲ್ಲುಪ್ಪಿನಲ್ಲಿ ಅಯೋಡಿನ್ ಸಾಕಷ್ಟು ಇರದಿರಬಹುದು. ಮನೆಯ ಉಪ್ಪಿನಲ್ಲಿ ಕನಿಷ್ಠ 15 ಪಿಪಿಎಂ ಇರಬೇಕು. ಪರೀಕ್ಷಾ ಕಿಟ್ಟಿನ ಒಂದು ಹನಿ ದ್ರಾವಣ ಬಿದ್ದೊಡನೆ ಉಪ್ಪು ನೀಲಿಗಟ್ಟಿದರೆ ಅಯೋಡಿನ್ ಇದೆಯೆಂದು ತಿಳಿಯುತ್ತದೆ.

ಕಬ್ಬಿಣಾಂಶವು ರಕ್ತಕ್ಕೆ ಮಾತ್ರವಲ್ಲ, ಮಿದುಳಿನ ನರತಂತುಗಳ ಹೊದಿಕೆಗೂ ನೆನಪಿನ ಭಾಗದ ಬೆಳವಣಿಗೆಗೂ ಬೇಕು. ಮಗು ತನ್ನ ಪಾಲನ್ನು ಹೆಚ್ಚಾಗಿ ಕೊನೆಯ ಮೂರು ತಿಂಗಳಲ್ಲಿ ಸಂಗ್ರಹಿಸಿಕೊಳ್ಳುತ್ತದೆ. ಗರ್ಭಿಣಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಾದರೆ ತೀವ್ರ ಸ್ಥಿತಿ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ಕೆಂಪು ಮಾತ್ರೆಗಳು ದೊರೆಯುತ್ತವೆ. ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆ, ಹೆಚ್ಚು ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ನಂಬಿಕೆಗಳು ಇನ್ನೂ ಇವೆ. ಅವುಗಳನ್ನು ಹಿರಿಯ ಅತ್ತೆಯರ ಎದುರಿಗೇ ಮಾತಾಡಿ ತಿಳಿಗೊಳಿಸಬೇಕು, ಸೊಸೆಗೊಬ್ಬಳಿಗೇ ಹೇಳಿ ಪ್ರಯೋಜನವಿಲ್ಲ. ಊಟದೊಡನೆ ಕುಡಿಯುವ ಟೀ ಕಬ್ಬಿಣಾಂಶ ಹೀರಿಕೆಯನ್ನು ತಡೆಯುತ್ತದೆ. ನಿಂಬೆ, ನೆಲ್ಲಿಕಾಯಿ ಹೆಚ್ಚಿಸುತ್ತವೆ. ಮಣ್ಣು, ಬಳಪ ತಿನ್ನುವ ಬಯಕೆಯನ್ನು ಬಸುರಿ ಬಯಕೆಯೆಂದು ನಕ್ಕು ಬಿಡಬಾರದು. ಅನೇಕ ವೇಳೆ ಅದು ಕಬ್ಬಿಣಾಂಶ ಕೊರತೆಯ ಸೂಚನೆ.

ಬಿಳಿಗಿರಿರಂಗನಬೆಟ್ಟದ ಹಾಡಿಗಳ ಸಂಗತಿಯನ್ನು ಪ್ರತ್ಯೇಕವಾಗಿ ನೋಡಬೇಕು. ಸೋಲಿಗ ಸಮುದಾಯದಲ್ಲಿ ಕುಡಗೋಲು ಕಣ ರಕ್ತಹೀನತೆ ಕಂಡುಬಂದಿದೆ. ಇದು ವಂಶವಾಹಿ ರೋಗ. ಊಟದಿಂದಾಗಲಿ ಮಾತ್ರೆಯಿಂದಾಗಲಿ ವಾಸಿಯಾಗುವುದಿಲ್ಲ. ಮಾತ್ರೆ ತೆಗೆದುಕೊಂಡರೂ ರಕ್ತ ಏರದ ಗರ್ಭಿಣಿಯನ್ನು ‘ಮಾತ್ರೆ ನುಂಗಿಲ್ಲ’ ಎಂದು ಗದರುವುದು ಅನ್ಯಾಯ. ಆಕೆಗೆ ರಕ್ತಪರೀಕ್ಷೆ ಆಗಬೇಕು, ಮಾತ್ರೆಯ ಪ್ರಮಾಣವನ್ನು ವೈದ್ಯರು ತೀರ್ಮಾನಿಸಬೇಕು.

2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಜಾರಿಗೆ ಬಂದ ಮಾತೃಪೂರ್ಣ ಯೋಜನೆಯಡಿ ಅಂಗನವಾಡಿಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ, ಮೊಟ್ಟೆ, ಹಾಲು, ಕಡಲೆಬೀಜದ ಚಿಕ್ಕಿಯನ್ನು ನಿಗದಿಪಡಿಸಲಾಯಿತು. ಈ ಒಂದು ಊಟ ದಿನದ ಅಗತ್ಯದ ಅರ್ಧಕ್ಕಿಂತ ಕಡಿಮೆ. ಮಿಕ್ಕದ್ದು ಮನೆಯ ಒಲೆಯ ಮೇಲೆಯೇ ಆಗಬೇಕು. ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವ ರೂಢಿಯಿರುವ ಮನೆಯಲ್ಲಿ ಯೋಜನೆಯ ಲೆಕ್ಕ ತಪ್ಪುತ್ತದೆ. ಚೆಂಡುಹೂವು, ಸಣ್ಣ ಈರುಳ್ಳಿ, ಅರಿಸಿನದ ಹೊಲಗಳಲ್ಲಿ ಕೂಲಿಗಿರುವವಳು ಮಧ್ಯಾಹ್ನ ಅಂಗನವಾಡಿಗೆ ನಡೆದು ಬಂದರೆ ಅರ್ಧ ದಿನದ ಕೂಲಿ ಹೋಗುತ್ತದೆ. ಕೊಡಗಿನ ಕಾಫಿ ತೋಟಕ್ಕೋ ವಯನಾಡಿನ ಶುಂಠಿ ಹೊಲಕ್ಕೋ ಕುಟುಂಬ ಗುಳೆ ಹೋದರಂತೂ ಊಟ, ಮಾತ್ರೆ, ತೂಕ ನೋಡುವುದು ಎಲ್ಲವೂ ಒಮ್ಮೆಗೇ ನಿಲ್ಲುತ್ತವೆ. ಹಾಜರಿ ಪುಸ್ತಕದಲ್ಲಿ ಕಾಣುವುದು ಬರಿಯ ಗೈರುಹಾಜರಿ.

ಆದುದರಿಂದ ಸದಸ್ಯರು ಹಾಜರಿಯ ಮೊತ್ತ ಕೇಳಿ ಮುಗಿಸದೆ, ಬಾರದವರ ಹೆಸರು ಮತ್ತು ಕಾರಣವನ್ನು ಕೇಳುವುದು ಉಪಯುಕ್ತ. ಗುಳೆ ಹೋಗುವವರು ತಾಯಿ ಕಾರ್ಡನ್ನೂ ಕನಿಷ್ಠ ಒಂದು ತಿಂಗಳ ಮಾತ್ರೆಯನ್ನೂ ಜೊತೆಗೆ ಒಯ್ಯುವಂತೆ ಆಶಾ ಕಾರ್ಯಕರ್ತೆಯ ಮೂಲಕ ನೋಡಿಕೊಳ್ಳಬಹುದು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಂದಿನ ಸಭೆಗೆ ಪ್ರತಿ ವಾರ್ಡಿನ ಕೆಲವು ಮನೆಗಳಿಂದ ಒಂದೊಂದು ಚಿಟಿಕೆ ಉಪ್ಪನ್ನು ತರಿಸಿ, ಅಲ್ಲಿಯೇ ಎಲ್ಲರ ಎದುರು ಪರೀಕ್ಷಿಸಿ, ನೀಲಿಗಟ್ಟದ ಉಪ್ಪು ಯಾವ ಅಂಗಡಿಯಿಂದ ಬಂತೆಂಬುದನ್ನು ನಡಾವಳಿಯಲ್ಲಿ ದಾಖಲಿಸಬಹುದಾಗಿದೆ.