ಕಾಲೇಜು ನಮ್ಮದೆನಿಸಲು ಏಳು ಸೂತ್ರಗಳು

ತರಗತಿಯಲ್ಲಿ ಜಗಳವಾದರೆ ಮುಂದಿನದು ಎಲ್ಲರಿಗೂ ಗೊತ್ತು: ಪ್ರಿನ್ಸಿಪಾಲರ ಚೇಂಬರು, ಪೋಷಕರಿಗೆ ಫೋನು, ಕೊನೆಗೊಂದು ಮುಚ್ಚಳಿಕೆ. ಕಾಗದ ಫೈಲು ಸೇರುತ್ತದೆ, ಮುನಿಸು ಹಾಗೇ ಉಳಿಯುತ್ತದೆ. ರೆಸ್ಟೋರೇಟಿವ್ ಪ್ರಾಕ್ಟೀಸ್ ಎಂಬ ಪದ್ಧತಿ ಬೇರೆ ದಾರಿ ಹಿಡಿಯುತ್ತದೆ: ಶಿಕ್ಷಿಸುವ ಬದಲು, ಸಂಬಂಧಪಟ್ಟವರನ್ನು ಮಾತಾಡಿಸಿ ಆದ ಹಾನಿಯನ್ನು ಸರಿಪಡಿಸುವುದು. 1974ರಲ್ಲಿ ಕೆನಡಾದ ಎಲ್ಮೈರಾದಲ್ಲಿ 22 ಕಡೆ ಆಸ್ತಿ ಹಾಳುಮಾಡಿದ್ದ ಇಬ್ಬರು ಹುಡುಗರನ್ನು ನಷ್ಟವಾದವರ ಬಾಗಿಲಿಗೇ ಕಳಿಸಿ ಮಾತಾಡಿಸಲಾಯಿತು; ನಷ್ಟವನ್ನೂ ಅವರೇ ತುಂಬಿಕೊಡಬೇಕಾಯಿತು. ಈ ಪದ್ಧತಿಯ ಇತಿಹಾಸದಲ್ಲಿ ಅದು ಮುಖ್ಯ ಘಟನೆ. ನಮ್ಮ ಡಿಗ್ರಿ ಕಾಲೇಜುಗಳಲ್ಲಿ ಇದನ್ನು ಹೀಗೆ ಶುರುಮಾಡಬಹುದು.

1. ಜಗಳಕ್ಕೆ ಮೊದಲೇ ಕೂಡಿ. ಸೆಮಿಸ್ಟರಿನ ಮೊದಲ ವಾರದಿಂದಲೇ ವಾರಕ್ಕೊಮ್ಮೆ 15 ನಿಮಿಷ ವೃತ್ತಾಕಾರವಾಗಿ ಕುಳಿತುಕೊಳ್ಳಿ. ಬೆಂಚು ಕದಲದಿದ್ದರೆ ಮರದ ನೆರಳಿದೆ. ತರಗತಿ ದೊಡ್ಡದಾದರೆ ಮೆಂಟರ್ ಗುಂಪುಗಳಲ್ಲಿ ಮಾಡಿ. ಪರಿಚಯವೇ ಇಲ್ಲದವರ ನಡುವೆ ರಾಜಿ ಕಷ್ಟ.

2. ಮಾತಿಗೆ ಸರದಿ ಇರಲಿ. ಡಸ್ಟರೋ ಪೆನ್ನೋ ಕೈಯಿಂದ ಕೈಗೆ ಸಾಗಲಿ. ಹಿಡಿದವರು ಮಾತಾಡಲಿ, ಉಳಿದವರು ಕೇಳಲಿ. ಉತ್ತರ ಅಮೆರಿಕದ ಮೂಲನಿವಾಸಿಗಳಿಂದ ಬಂದ ರೂಢಿ ಇದು. ಮಾತು ಬೇಡವೆಂದವರು ಮುಂದಿನವರಿಗೆ ದಾಟಿಸಬಹುದು. ಮೇಷ್ಟ್ರಿಗೂ ಮೇಡಮ್ಮಿಗೂ ಇದೇ ನಿಯಮ.

3. ಹಗುರವಾದ ಪ್ರಶ್ನೆ ಆರಿಸಿ. 'ಕಾಲೇಜಿಗೆ ಬರುವಷ್ಟರಲ್ಲಿ ಎಷ್ಟು ಬಸ್ಸು ಬದಲಿಸುತ್ತೀರಿ?' ಸಾಕು. ಮೊದಲ ಬೆಲ್ಲಿಗೆ ತಡವಾಗುವುದರ ಕಾರಣವೂ ಅದರಲ್ಲೇ ಸಿಗುತ್ತದೆ. ಅಂಕ, ಅಪ್ಪನ ಉದ್ಯೋಗ, ಜಾತಿಯ ಸುಳಿವು ಕೆದಕುವ ಪ್ರಶ್ನೆ ಬೇಡ. ಮೊದಲ ಉತ್ತರ ನಿಮ್ಮದಿರಲಿ.

4. ಜಗಳವಾದಾಗ 'ಯಾಕೆ ಮಾಡಿದೆ?' ಎನ್ನಬೇಡಿ. ಆ ಪ್ರಶ್ನೆಗೆ ಸಿಗುವುದು ನೆಪ. ಬದಲಿಗೆ ಕೇಳಿ: ಏನಾಯಿತು? ಆಗ ಮನಸ್ಸಿನಲ್ಲಿ ಏನಿತ್ತು? ಯಾರಿಗೆ ನೋವಾಯಿತು? ಸರಿಪಡಿಸಲು ಏನು ಮಾಡುತ್ತೀ? ನೊಂದವರನ್ನೂ ಕೇಳಿ: ನಿಮಗೆ ಏನಾಗಬೇಕು? ಅವರ ಉತ್ತರ ಬಾರದೆ ತೀರ್ಮಾನಕ್ಕೆ ಹೋಗಬೇಡಿ.

5. ಸ್ಟಾಫ್ ರೂಮನ್ನು ಬಿಡಬೇಡಿ. ವರ್ಷಗಟ್ಟಲೆ ಪಾಠ ಮಾಡಿಯೂ ಅತಿಥಿ ಉಪನ್ಯಾಸಕರು ಅತಿಥಿಗಳಾಗಿಯೇ ಉಳಿಯುತ್ತಾರೆ. ಟೈಮ್ ಟೇಬಲ್ ಹಂಚುವ ಸಭೆಯಲ್ಲಿ ಅವರಿಗೂ ಮಾತಿನ ಸರದಿ ಕೊಡಿ, ಲೈಬ್ರರಿ ಮತ್ತು ಕಚೇರಿ ಸಿಬ್ಬಂದಿಯನ್ನೂ ಕರೆಯಿರಿ. ಅಧ್ಯಾಪಕರೇ ಪರಸ್ಪರ ಮಾತು ಬಿಟ್ಟಿರುವ ವಿಭಾಗದಲ್ಲಿ ವಿದ್ಯಾರ್ಥಿಗಳಿಗೆ ಹೊಂದಾಣಿಕೆಯ ಉಪದೇಶ ನಾಟುವುದಿಲ್ಲ.

6. ಮಿತಿ ಮರೆಯಬೇಡಿ. ರ‍್ಯಾಗಿಂಗ್‌ಗೆ ಯುಜಿಸಿಯ 2009ರ ನಿಯಮಾವಳಿ, ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ ಮತ್ತು ಆಂತರಿಕ ಸಮಿತಿ ಇವೆ. ವೃತ್ತದ ಮಾತುಕತೆ ದೂರನ್ನು ಮುಚ್ಚಿಹಾಕುವ ಉಪಾಯವಾಗಕೂಡದು. ನೊಂದವರು ಒಲ್ಲೆ ಎಂದರೆ ಎದುರುಬದುರು ಕೂರಿಸುವಂತಿಲ್ಲ.

7. ಒಪ್ಪಿದ್ದನ್ನು ಬರೆದಿಡಿ, ಮತ್ತೆ ವಿಚಾರಿಸಿ. ಯಾರು, ಏನು, ಯಾವಾಗಿನೊಳಗೆ: ಮೂರು ಸಾಲು ಸಾಕು. ಎರಡು ವಾರ ಬಿಟ್ಟು ಅವರನ್ನೇ ಮತ್ತೆ ಸೇರಿಸಿ. ಒಪ್ಪಿದಂತೆ ನಡೆದಿದ್ದರೆ ಎಲ್ಲರ ಮುಂದೆ ಹೇಳಿ. ನಡೆಯದಿದ್ದರೆ ಗದರುವ ಮೊದಲು ಏನು ಅಡ್ಡಬಂತೆಂದು ಕೇಳಿ. ಈ ಎರಡನೇ ಸಭೆಯನ್ನು ತಪ್ಪಿಸಿದರೆ ಮೊದಲನೆಯದನ್ನು ಯಾರೂ ನಂಬುವುದಿಲ್ಲ.