ಹರಿಶ್ಚಂದ್ರಕಾವ್ಯದಲ್ಲಿ ಕುತೂಹಲ: ಒಂದು ಪಾಠವಿಚಾರ

ಮುಂದೇನಾಯಿತೆಂಬ ಕುತೂಹಲವು ಕಥೆಯ ಜೀವಾಳ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಓದಿ ಬೆಳೆದ ತಲೆಮಾರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಗುಟ್ಟು ಒಮ್ಮೆ ಒಡೆದ ಪತ್ತೇದಾರಿ ಕಾದಂಬರಿ ಮತ್ತೆ ಕೈಗೆ ಬರುವುದು ವಿರಳ. ಕೊನೆ ತಿಳಿದಿದ್ದರೂ ಎದೆ ನಡುಗಿಸುವ ಕಥನಕ್ಕೆ ಹರಿಹರನ ಸೋದರಳಿಯನಾದ ರಾಘವಾಂಕನ ‘ಹರಿಶ್ಚಂದ್ರಕಾವ್ಯ’ವೇ ನಿದರ್ಶನ.

ದರ್ಭೆ ಸಮಿತ್ತು ತರಲು ಹೋದ ಬಾಲಕ ಲೋಹಿತಾಶ್ವ ಹಾವು ಕಚ್ಚಿ ಮಡಿಯುತ್ತಾನೆ. ಒಡೆಯನ ಮನೆಗೆಲಸ ಮುಗಿಸಿದ ಮೇಲೆಯೇ ಚಂದ್ರಮತಿಗೆ ಮಗನನ್ನು ಹುಡುಕುವ ಬಿಡುವು. ರಾತ್ರಿಯಲ್ಲಿ ಶವವನ್ನು ಹೊತ್ತು ಅವಳು ಕಾಶಿಯ ಸುಡುಗಾಡಿಗೆ ಬರುತ್ತಾಳೆ. ಅಲ್ಲಿ ವೀರಬಾಹುವಿನ ಆಳಾಗಿ ಕಾವಲಿರುವವನು ಹರಿಶ್ಚಂದ್ರ. ತೆರಿಗೆ ಕೊಡದೆ ಸುಡಬಾರದೆಂದು ತಡೆಯುವ ಅವನಿಗೆ ಹೆಣ ಯಾರದೆಂಬುದು ತಿಳಿಯದು, ಓದುಗನಿಗೆ ತಿಳಿದಿದೆ. ಈ ಅಂತರದಲ್ಲಿಯೇ ಕವಿಯ ಕೌಶಲವಡಗಿದೆ. ಪತಿಯಲ್ಲದೆ ಅನ್ಯರಿಗೆ ಕಾಣದ ತಾಳಿಯನ್ನು ಅವನು ಹೆಸರಿಸಿದಾಗ ಗುರುತು ಹತ್ತುತ್ತದೆ.

ಸಾಮಾನ್ಯ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ರಾಘವಾಂಕನಲ್ಲಿ ನಿಜವಾದ ಪರೀಕ್ಷೆ ಇಲ್ಲಿಂದಲೇ ಆರಂಭ. ಮಗನೆಂದು ಅರಿತ ಮೇಲೂ ತಂದೆ ಒಡೆಯನ ತೆರಿಗೆಯನ್ನು ಬಿಡುವನೇ? ಬಿಡುವುದಿಲ್ಲ. ಹಣ ತರಲು ಹೊರಟ ಚಂದ್ರಮತಿ ರಾಜಕುಮಾರನ ಕೊಲೆಯ ಆರೋಪಕ್ಕೆ ಸಿಲುಕುತ್ತಾಳೆ. ಅವಳ ತಲೆ ಕಡಿಯುವ ಕೆಲಸವೂ ಅವನ ಪಾಲಿಗೇ ಬರುತ್ತದೆ. ಎತ್ತಿದ ಖಡ್ಗವನ್ನು ವಿಶ್ವನಾಥನು ತಡೆಯುವವರೆಗೆ ಪ್ರಶ್ನೆ ಒಂದೇ: ದುಃಖವು ಸತ್ಯವನ್ನು ಸೋಲಿಸೀತೇ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಮಕ್ಕಳಿಗೆ ಈ ಪಾಠ ಪರಕೀಯವಲ್ಲ. ಕಡಲೆಕಾಯಿ ಹೊಲದ ಬದುವಿನಲ್ಲಿ ಹಾವಿನ ಭಯವೇನೆಂಬುದನ್ನು ಅವರು ಬಲ್ಲರು. ಹೆತ್ತವರ ಕಷ್ಟವನ್ನು ಕಂಡೂ ಬಲ್ಲರು. ಆದುದರಿಂದ ಉಪಾಧ್ಯಾಯರು ಷಟ್ಪದಿಯ ಗಣವಿಭಾಗಕ್ಕೆ ಮೊದಲೇ ತೊಡಗದೆ, ತಾಳಿಯ ಮಾತು ಬರುವ ಪದ್ಯದ ಮುನ್ನ ತಡೆದು, ‘ಈಗ ತಂದೆ ಏನು ಮಾಡಬೇಕು?’ ಎಂದು ಕೇಳುವುದು ಯುಕ್ತ. ತರಗತಿಯಲ್ಲಿ ಎರಡು ಪಕ್ಷಗಳಾಗುವುವು. ತೆರಿಗೆಯನ್ನು ಬಿಡಬೇಕಿತ್ತೆನ್ನುವ ಬಾಲಕನನ್ನು ಗದರಿಸಲಾಗದು. ಅವನಲ್ಲಿ ಮಾತನಾಡುತ್ತಿರುವುದು ಕರುಣೆ. ಆ ಕರುಣೆ ಹರಿಶ್ಚಂದ್ರನಲ್ಲಿಯೂ ಇತ್ತೆಂಬುದನ್ನು, ಇದ್ದುದರಿಂದಲೇ ಅವನ ಸತ್ಯಕ್ಕೆ ಬೆಲೆ ಬಂದಿತೆಂಬುದನ್ನು ಅವನಿಗೆ ಕಾಣಿಸಿಕೊಡುವುದೇ ಪಾಠದ ಸಾರ್ಥಕತೆ.